ಸ್ಕಾ ಸಂಗೀತದ ರಸಿಕರು

ಇಂಗ್ಲೆಂಡಿನ ಕಾವೆಂಟ್ರಿ ನಗರದ ಮೋಟಾರು ಕಾರ್ಖಾನೆಯೊಂದರಲ್ಲಿ ನನ್ನ ಹಳೆಯ ಶಿಷ್ಯನೊಬ್ಬ ಕೆಲಸದಲ್ಲಿದ್ದಾನೆ. ಹೈಸ್ಕೂಲಿನಲ್ಲಿ ನನ್ನಿಂದ ಛಂದಸ್ಸು ಕಲಿತವನು. ಕಲಿತನು ಎನ್ನುವುದಕ್ಕಿಂತ ಸಹಿಸಿಕೊಂಡನು ಎಂದರೆ ಹೆಚ್ಚು ಸರಿಯಾದೀತು. ಎರಡು ವರ್ಷದ ಹಿಂದೆ ಅವನು ಕೆಲವು ಧ್ವನಿಮುದ್ರಿಕೆಗಳನ್ನು ಕಳುಹಿಸಿ, “ಮೇಷ್ಟ್ರೇ, ಇದರ ಲಯ ಯಾವ ಗಣಕ್ಕೆ ಹೊಂದುತ್ತದೆ, ಕೇಳಿ ಹೇಳಿ” ಎಂದು ಬರೆದ. ಆ ಸಂಗೀತದ ಹೆಸರು ಸ್ಕಾ. ಅವನ ಬಲಮಗ್ಗುಲ ಮನೆಯಲ್ಲಿರುವವರು ಜಮೈಕಾ ದ್ವೀಪದಲ್ಲಿ ಹುಟ್ಟಿ, ಇಂಗ್ಲೆಂಡಿಗೆ ಬಂದು, ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿದು ನಿವೃತ್ತರಾದ, ಎಂಬತ್ತು ದಾಟಿದ ವೃದ್ಧೆ. ಎಡಮಗ್ಗುಲಲ್ಲಿ ಅರವತ್ತು ದಾಟಿದ ಇಂಗ್ಲಿಷ್ ಗೃಹಸ್ಥ. ಇಬ್ಬರೂ ಸ್ಕಾ ಭಕ್ತರು. ಆದರೆ ಒಬ್ಬರ ದೇವರು ಇನ್ನೊಬ್ಬರಿಗೆ ಬರಿಯ ಪೂಜಾರಿ. ನಡುವಣ ಮನೆಯಲ್ಲಿರುವ ನನ್ನ ಶಿಷ್ಯ ಬೇಸಗೆಯ ಸಂಜೆಗಳಲ್ಲಿ ಹಿತ್ತಲಿಗೆ ಹೋದರೆ ಎರಡು ಬೇಲಿಗಳ ಕಡೆಯಿಂದಲೂ ಅವನಿಗೆ ಉಪದೇಶ. ಆ ವಾದದ ವರದಿ ಕಾಗದಗಳಲ್ಲಿ ನನಗೆ ಬರುತ್ತಿರುತ್ತದೆ. ಅದನ್ನು ಓದುತ್ತ, ಹಾಡುಗಳನ್ನು ಕೇಳುತ್ತ, ನಾನೂ ಒಂದು ಪಕ್ಷ ಹಿಡಿಯುವ ಹಂತಕ್ಕೆ ಬಂದಿದ್ದೇನೆ.

ಸ್ಕಾ ಎಂದರೇನು? ಶ್ರೋತೃಗಳು ಕುಳಿತಲ್ಲಿಯೇ ಮೊಣಕಾಲ ಮೇಲೆ ಒಂದು, ಎರಡು, ಮೂರು, ನಾಲ್ಕು ಎಂದು ಸಮನಾಗಿ ತಟ್ಟಲಿ. ಆ ಪೆಟ್ಟುಗಳ ಮೇಲೆ ಮಂದ್ರದ ತಂತಿವಾದ್ಯವಾದ ಬಾಸ್ ಹೆಜ್ಜೆ ಹಾಕುತ್ತ ಹೋಗುತ್ತದೆ. ಗಿಟಾರು ಮತ್ತು ಪಿಯಾನೊ ಮಾತ್ರ ಪೆಟ್ಟಿನ ಮೇಲೆ ಬೀಳುವುದಿಲ್ಲ. ಪ್ರತಿಯೊಂದು ಪೆಟ್ಟಿಗೂ ಮುಂದಿನದಕ್ಕೂ ನಡುವೆ ಇರುವ ಬಿಡುವಿನಲ್ಲಿ, ಕತ್ತರಿಸಿದ ಹಾಗೆ, ಚಿಕ್ಕದಾಗಿ ಬೀಳುತ್ತವೆ. ಮೇಲೆ ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೋಫೋನ್‌ಗಳ ಗುಂಪು ರಾಗವನ್ನು ಹಿಡಿಯುತ್ತದೆ. ಸ್ಯಾಕ್ಸೋಫೋನನ್ನು ಕದ್ರಿ ಗೋಪಾಲನಾಥರ ಕೈಯಲ್ಲಿ ಕೇಳಿದ ನಮಗೆ ಆ ವಾದ್ಯ ಹೊಸದಲ್ಲ. ಆದರೆ ಇಲ್ಲಿ ಅದು ಬೀದಿಗೆ ಇಳಿದು ಕುಣಿಯುತ್ತದೆ. ಶಿಷ್ಯನಿಗೆ ನಾನು ಬರೆದ ಉತ್ತರ ಇಷ್ಟೇ: ಇದು ಯಾವ ಗಣಕ್ಕೂ ಸೇರಿದ್ದಲ್ಲ, ಗಣಗಳ ನಡುವಣ ಬಿಡುವಿನಲ್ಲಿ ಕುಳಿತಿದೆ.

ಹೆಸರಿನ ನಿಷ್ಪತ್ತಿಯ ವಿಷಯದಲ್ಲಿಯೂ ಏಕಾಭಿಪ್ರಾಯವಿಲ್ಲ. ಗಿಟಾರಿನ ಆ ಕತ್ತರಿಸಿದ ನಾದವೇ “ಸ್ಕ್ಯಾಟ್, ಸ್ಕ್ಯಾಟ್” ಎಂದು ಕೇಳಿಸಿದ್ದರಿಂದ ಸ್ಕಾ ಎಂದಾಯಿತು ಎಂಬುದು ಗಿಟಾರುವಾದಕ ಅರ್ನೆಸ್ಟ್ ರ‍್ಯಾಂಗ್ಲಿನ್ ಅವರ ಮತ. ಕ್ಲೂಎಟ್ ಜಾನ್ಸನ್ ಎಂಬ ಬಾಸ್ ವಾದಕ ಗೆಳೆಯರನ್ನು ಕಂಡಾಗಲೆಲ್ಲ “ಸ್ಕಾವೂವಿ” ಎಂದು ಕೂಗುತ್ತಿದ್ದನು, ಅದರಿಂದ ಬಂತು ಎಂಬುದು ಇನ್ನೊಂದು ಮತ. ಪಂಡಿತನಾದ ನನಗೆ ಅನುಕರಣ ಶಬ್ದದ ಪಕ್ಷವೇ ಹಿಡಿಸುತ್ತದೆ.

ಈ ಸಂಗೀತ ಹುಟ್ಟಿದ್ದು ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನಲ್ಲಿ, 1950ರ ದಶಕದ ಕೊನೆಗೂ 1960ರ ದಶಕದ ಆರಂಭಕ್ಕೂ ನಡುವೆ. ಹುಟ್ಟಿಸಿದವರಾರು ಎಂದರೆ ವಾದಕರ ಹೆಸರನ್ನು ಹೇಳುವುದು ವಾಡಿಕೆ. ಕೇಳುಗರು ಹುಟ್ಟಿಸಿದರು ಎಂದರೂ ತಪ್ಪಾಗಲಾರದು. ಅಂದು ಅಲ್ಲಿನ ಬಡವರ ಮನೆಯಲ್ಲಿ ರೇಡಿಯೋ ಇರಲಿಲ್ಲ. ಇದ್ದವರು ರಾತ್ರಿಯ ಹೊತ್ತು ಮಯಾಮಿ, ನ್ಯೂ ಆರ್ಲಿಯನ್ಸ್ ಕಡೆಯ ಅಮೆರಿಕನ್ ನಿಲಯಗಳನ್ನು ಹಿಡಿದು ಅಲ್ಲಿನ ಕರಿಯರ ಹಾಡುಗಳನ್ನು ಕೇಳುತ್ತಿದ್ದರು. ಆ ಹಾಡುಗಳನ್ನು ಬೀದಿಗೆ ತಂದದ್ದು ಸೌಂಡ್ ಸಿಸ್ಟಂ. ನಮ್ಮ ಮದುವೆಮನೆಯ ಮೈಕ್ ಸೆಟ್ಟಿನ ಅಣ್ಣ ಎಂದುಕೊಳ್ಳಿ. ದೊಡ್ಡ ದೊಡ್ಡ ಪೆಟ್ಟಿಗೆಗಳಲ್ಲಿ ಧ್ವನಿವರ್ಧಕಗಳನ್ನು ಜೋಡಿಸಿ, ಬಯಲಿನಲ್ಲಿ ತಟ್ಟೆ ಹಾಕಿ, ಒಳಗೆ ಬರುವವರಿಂದ ಕಾಸು ಪಡೆದು, ಬೆಳಗಾಗುವವರೆಗೆ ಕುಣಿತ. ಅಂಥ ಯಜಮಾನರಲ್ಲಿ ಮೂವರ ಹೆಸರು ದೊಡ್ಡದು. ಅಮೆರಿಕಕ್ಕೆ ಹೊಲದ ಕೂಲಿಗೆ ಹೋಗಿ ತಟ್ಟೆಗಳನ್ನು ಹೊತ್ತು ತಂದ ಕ್ಲೆಮೆಂಟ್ ಡಾಡ್, ಅಡ್ಡಹೆಸರು ಕಾಕ್ಸನ್; ಪೊಲೀಸು ಕೆಲಸ ಬಿಟ್ಟು ಬಂದು, ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡೇ ಕುಣಿತದ ಬಯಲಿಗೆ ಬರುತ್ತಿದ್ದ ಡ್ಯೂಕ್ ರೀಡ್; ಮೊದಲು ಕಾಕ್ಸನ್ನನ ಕಡೆಯಲ್ಲಿದ್ದು ಆಮೇಲೆ ಬೇರೆ ಹೂಡಿದ ಮುಷ್ಟಿಕಾಳಗದ ಪಟು ಪ್ರಿನ್ಸ್ ಬಸ್ಟರ್.

ಇವರ ಪೈಪೋಟಿಯ ಕಥೆಗಳು ರಸಿಕರಿಗೆ ಬಾಯಿಪಾಠ. ಒಳ್ಳೆಯ ತಟ್ಟೆ ಸಿಕ್ಕಿದರೆ ಅದರ ಮೇಲಿನ ಚೀಟಿಯನ್ನು ಕೆರೆದು ಹಾಕುವುದು ಪದ್ಧತಿ; ಹಾಡು ಯಾರದೆಂದು ಎದುರಾಳಿಗೆ ತಿಳಿಯಬಾರದು. ಅಮೆರಿಕದ ವಿಲ್ಲಿಸ್ ಜಾಕ್ಸನ್ ನುಡಿಸಿದ ಸ್ಯಾಕ್ಸೋಫೋನ್ ತಟ್ಟೆಯೊಂದನ್ನು ಡಾಡ್ ಹೀಗೆಯೇ ಕೆರೆದು, ಅದಕ್ಕೆ “ಕಾಕ್ಸನ್ ಹಾಪ್” ಎಂದು ತನ್ನದೇ ಹೆಸರಿಟ್ಟು ವರ್ಷಗಟ್ಟಲೆ ಮೆರೆದ. ಕೊನೆಗೆ ಡ್ಯೂಕ್ ರೀಡ್ ಅದೇ ತಟ್ಟೆಯನ್ನು ಹುಡುಕಿ ಸಂಪಾದಿಸಿ, ಒಂದು ರಾತ್ರಿ ಡಾಡ್‌ನ ಎದುರಿನಲ್ಲಿಯೇ ಹಾಕಿದ. ಅದನ್ನು ಕೇಳುತ್ತಲೇ ಡಾಡ್ ನಿಂತಲ್ಲಿಯೇ ಕುಸಿದನಂತೆ. ಹೀಗೆಂದು ಹೇಳಿದವನು ಪ್ರಿನ್ಸ್ ಬಸ್ಟರ್. ಅವನೂ ಒಬ್ಬ ಎದುರಾಳಿಯೆಂಬುದನ್ನು ಮರೆಯುವ ಹಾಗಿಲ್ಲ.

ಅಮೆರಿಕದಲ್ಲಿ ಹಾಡಿನ ವರಸೆ ಬದಲಾಗಿ, ಇವರಿಗೆ ಬೇಕಾದ ಬಗೆಯ ತಟ್ಟೆಗಳು ಕಡಮೆಯಾದಾಗ, ಯಜಮಾನರು ಊರಿನ ವಾದಕರನ್ನೇ ಕರೆಸಿ ಮುದ್ರಿಸತೊಡಗಿದರು. ಮೊದಲು ಒಂದೆರಡು ಮೆತ್ತನೆಯ ತಟ್ಟೆ ಮಾಡಿ ರಾತ್ರಿಯ ಕುಣಿತದಲ್ಲಿ ಹಾಕಿ ನೋಡುವರು. ಜನ ಕುಣಿದರೆ, ಮತ್ತೆ ಹಾಕೆಂದು ಕೂಗಿದರೆ, ಆಮೇಲೆ ಅಂಗಡಿಗೆ ಕಳುಹಿಸುವ ಮಾತು. ಕುಣಿಯದಿದ್ದರೆ ಹಾಡು ಅಲ್ಲಿಗೆ ತೀರಿತು. ಪತ್ರಿಕೆಯ ವಿಮರ್ಶಕ, ವಿದ್ವಾಂಸ, ಸಭಾಧ್ಯಕ್ಷ ಯಾರೂ ಇಲ್ಲದೆ ಬೆವರು ಸುರಿಸುವ ಜನರೇ ತೀರ್ಪು ಕೊಟ್ಟರು. ಬಲಮಗ್ಗುಲ ಮನೆಯ ಅಜ್ಜಿ (ಶಿಷ್ಯನ ಮಕ್ಕಳು ಅವರನ್ನು ಅಜ್ಜಿ ಎಂದೇ ಕರೆಯುತ್ತಾರೆ) ಹುಡುಗಿಯಾಗಿದ್ದಾಗ ಒಳಗೆ ಹೋಗಲು ಕಾಸಿಲ್ಲದೆ ಬೇಲಿಯ ಹೊರಗೆ ನಿಂತು ಕೇಳಿದವರು. “ಬಾಸ್ ನಾದ ಕಿವಿಗಲ್ಲ, ಎದೆಗೆ ಬರುತ್ತಿತ್ತು, ಒಳಗೆ ಕಾಸು ಕೊಟ್ಟವರಿಗಿಂತ ನಮಗೇನೂ ಕಡಮೆ ಸಿಕ್ಕಲಿಲ್ಲ” ಎನ್ನುತ್ತಾರೆ.

ಕೇಳುಗರ ಪಕ್ಷಪಾತ ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೂ ಕಿಂಗ್‌ಸ್ಟನ್ನೇ ಸಾಕ್ಷಿ. 1962ರ ಆಗಸ್ಟ್ 6ರಂದು ಜಮೈಕಾ ಸ್ವತಂತ್ರವಾಯಿತು. ಆ ಸುಮಾರಿಗೆ ಡೆರಿಕ್ ಮಾರ್ಗನ್ ಎಂಬ ಗಾಯಕ ಪ್ರಿನ್ಸ್ ಬಸ್ಟರನನ್ನು ಬಿಟ್ಟು, ಚೀನೀ ಮೂಲದ ಲೆಸ್ಲಿ ಕಾಂಗ್ ಎಂಬ ಮುದ್ರಣಕಾರನ ಬಳಿಗೆ ಹೋದ. ಬಸ್ಟರ್ ಹಾಡಿನಲ್ಲಿಯೇ ಬೈದ, ಮಾರ್ಗನ್ ಹಾಡಿನಲ್ಲಿಯೇ ಉತ್ತರ ಕೊಟ್ಟ. ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಇಬ್ಬರ ಅಭಿಮಾನಿಗಳು ಬೀದಿಯಲ್ಲಿ ಕೈಗೆ ಕೈ ಹತ್ತಿಸಿದರು. ಕೊನೆಗೆ ಸರ್ಕಾರದವರೇ ನಡುವೆ ಬಂದು, ಇಬ್ಬರೂ ಸ್ನೇಹದಿಂದಿದ್ದಾರೆಂದು ತೋರಿಸಲು ಜೊತೆಯಾಗಿ ನಿಲ್ಲಿಸಿ ಚಿತ್ರ ತೆಗೆಸಬೇಕಾಯಿತಂತೆ.

ಅಜ್ಜಿಯ ದೇವರು ಸ್ಕಾಟಲೈಟ್ಸ್. ಆಕಾಶದಲ್ಲಿ ಉಪಗ್ರಹಗಳು ಹಾರಾಡುತ್ತಿದ್ದ ಕಾಲ. ಯಾರೋ ‘ಸ್ಯಾಟಲೈಟ್ಸ್’ ಎಂದು ಸೂಚಿಸಿದಾಗ, ಹಿರಿಯ ಸ್ಯಾಕ್ಸೋಫೋನ್ ವಾದಕ ಟಾಮಿ ಮೆಕುಕ್ ‘ಸ್ಕಾಟಲೈಟ್ಸ್’ ಎಂದು ತಿದ್ದಿದರು. 1964ರಲ್ಲಿ ಕೂಡಿದ ಈ ಮೇಳ 1965ರ ಆಗಸ್ಟಿನಲ್ಲಿ ಒಡೆಯಿತು. ಒಂದು ವರ್ಷ ಚಿಲ್ಲರೆ ತಿಂಗಳ ಬಾಳು! ಅಷ್ಟರಲ್ಲಿಯೇ ಬ್ರೆಂಟ್‌ಫರ್ಡ್ ರಸ್ತೆಯಲ್ಲಿ ಡಾಡ್ ತೆರೆದ ‘ಸ್ಟುಡಿಯೋ ಒನ್’ನಲ್ಲಿ, ಡ್ಯೂಕ್ ರೀಡನ ಬಳಿಯಲ್ಲಿ, ಇತರರ ಬಳಿಯಲ್ಲಿ ಲೆಕ್ಕವಿಲ್ಲದಷ್ಟು ಹಾಡುಗಳನ್ನು ನುಡಿಸಿದರು. ಮುಂದೆ ಲೋಕವಿಖ್ಯಾತನಾದ ಬಾಬ್ ಮಾರ್ಲಿ ತನ್ನ ಗೆಳೆಯರೊಡನೆ ಹಾಡಿ ಗೆದ್ದ ಮೊದಲ ತಟ್ಟೆ ‘ಸಿಮ್ಮರ್ ಡೌನ್’. ಅದರ ಹಿನ್ನೆಲೆಯ ವಾದಕರೂ ಈ ಬಳಗದವರೇ. ಇವರಲ್ಲಿ ಹಲವರು ಕಿಂಗ್‌ಸ್ಟನ್ನಿನ ಆಲ್ಫಾ ಬಾಲಕರ ಶಾಲೆಯಲ್ಲಿ ಬೆಳೆದವರು. ಅದು ಕ್ರೈಸ್ತ ಸನ್ಯಾಸಿನಿಯರು ಬಡ ಹುಡುಗರಿಗಾಗಿ ನಡೆಸುತ್ತಿದ್ದ ಶಾಲೆ. ಸಿಸ್ಟರ್ ಮೇರಿ ಇಗ್ನೇಷಿಯಸ್ ಎಂಬಾಕೆ ಅಲ್ಲಿ ತಾಯಿಯ ಸ್ಥಾನದಲ್ಲಿದ್ದು ಹುಡುಗರಿಗೆ ಸಂಗೀತದ ಹುಚ್ಚು ಹಿಡಿಸಿದರು. ಉಪಾಧ್ಯಾಯನಾಗಿ ಹೇಳುತ್ತೇನೆ, ಆ ಶಾಲೆಯ ಬಗೆಗೆ ಓದಿದಾಗ ನನಗೆ ಅಸೂಯೆಯಾಯಿತು. ನಮ್ಮ ಶಾಲೆಗಳಲ್ಲಿ ವರ್ಷಕ್ಕೆ ಎಷ್ಟು ಮಂದಿ ಉತ್ತೀರ್ಣರಾದರೆಂದು ಲೆಕ್ಕ ಕೊಡುತ್ತೇವೆ. ಆ ಶಾಲೆ ಒಂದು ದೇಶದ ಸಂಗೀತವನ್ನೇ ಕೊಟ್ಟಿತು.

ಆಲ್ಫಾದ ಹುಡುಗರಲ್ಲಿ ಅಗ್ರಗಣ್ಯ ಡಾನ್ ಡ್ರಮಂಡ್. ಅವನ ಟ್ರಾಂಬೋನಿನಲ್ಲಿ, ಕುಣಿತದ ಹಾಡಿನಲ್ಲಿಯೂ, ಒಂದು ವಿಷಾದ ಇದೆ. ಸುತ್ತಲೂ ಎಲ್ಲರೂ ಕುಣಿಯುತ್ತಿರುವಾಗ ಒಬ್ಬನು ದೂರದಲ್ಲಿ ನಿಂತು ನೋಡುತ್ತಿರುವ ಹಾಗೆ. ಅವನ ಮನಸ್ಸು ಸ್ವಸ್ಥವಾಗಿರಲಿಲ್ಲ. 1965ರ ಜನವರಿ 2ರಂದು ಅವನು ತನ್ನ ಸಂಗಾತಿಯನ್ನು, ಮಾರ್ಗರೀಟಾ ಎಂದು ಹೆಸರಾಗಿದ್ದ ನರ್ತಕಿ ಅನೀಟಾ ಮಹಫೂದಳನ್ನು, ಇರಿದು ಕೊಂದ. ಬೆಲ್‌ವ್ಯೂ ಮಾನಸಿಕ ಆಸ್ಪತ್ರೆಯಲ್ಲಿ ನಾಲ್ಕು ವರ್ಷ ಇದ್ದು, 1969ರ ಮೇ 6ರಂದು ಅಲ್ಲಿಯೇ ಸತ್ತ. ರಸಿಕರು ಡ್ರಮಂಡನ ಮಾತು ಬಂದಾಗಲೆಲ್ಲ ‘ಅಯ್ಯೋ, ಎಂಥ ಪ್ರತಿಭೆ ಹಾಳಾಯಿತು’ ಎಂದು ನಿಟ್ಟುಸಿರುಬಿಡುತ್ತಾರೆ. ಅಜ್ಜಿ ಅದನ್ನು ಒಪ್ಪುವುದಿಲ್ಲ. ಆ ಹೆಣ್ಣುಮಗಳೂ ಕಲಾವಿದೆಯೇ. ‘ವುಮನ್ ಎ ಕಮ್’ ಎಂಬ ಅವಳ ಹಾಡಿನ ತಟ್ಟೆಯೂ ಇದೆ. “ಅದನ್ನು ಕೇಳಿ ಆಮೇಲೆ ನಿಟ್ಟುಸಿರುಬಿಡಿ” ಎನ್ನುತ್ತಾರೆ. ನಾನು ಕೇಳಿದೆ. ಡ್ರಮಂಡನ ವಾದನ ನನಗೆ ಈಗಲೂ ಪ್ರಿಯ. ಆದರೆ ಮೊದಲಿನಂತೆ ನಿಶ್ಚಿಂತೆಯಿಂದ ಕೇಳಲಾರೆ.

ಅಜ್ಜಿಗೆ ಇನ್ನೊಂದು ಕೋಪವಿದೆ. 1964ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ವಿಶ್ವಪ್ರದರ್ಶನಕ್ಕೆ ಜಮೈಕಾದ ಸ್ಕಾ ಸಂಗೀತವನ್ನು ತೋರಿಸಲು ಕಲಾವಿದರ ತಂಡ ಹೋಯಿತು. ಗಾಯಕರ ಹಿಂದೆ ನುಡಿಸಲು ಆರಿಸಿದ್ದು ಮೇಲ್ವರ್ಗದ ಹೋಟೆಲುಗಳಲ್ಲಿ ಹೆಸರಾಗಿದ್ದ ಬೈರನ್ ಲೀಯವರ ಅಚ್ಚುಕಟ್ಟಾದ ಮೇಳವನ್ನು. ಸ್ಕಾಟಲೈಟ್ಸ್ ಊರಿನಲ್ಲಿಯೇ ಉಳಿದರು. ಅರವತ್ತು ವರ್ಷ ಕಳೆದರೂ ರಸಿಕರು ಇದನ್ನು ಕ್ಷಮಿಸಿಲ್ಲ. ಬೈರನ್ ಲೀ ಸ್ಕಾವನ್ನು ಹೊರಗಿನವರಿಗೆ ಪರಿಚಯಿಸಲು ದುಡಿದದ್ದೂ ನಿಜವೇ. ಆದರೆ ಅಡಿಗೆ ಮಾಡಿದವರನ್ನು ಒಳಗೆ ಬಿಟ್ಟು ಬಡಿಸುವವರಿಗೆ ಮಾತ್ರ ಹಾರ ಹಾಕಿದರೆ ಯಾರಿಗೆ ತಾನೇ ಸಂಕಟವಾಗದು?

ಸ್ಕಾ 1966ರ ಹೊತ್ತಿಗೆ ಜಮೈಕಾದಲ್ಲಿ ನಿಧಾನವಾಗಿ ರಾಕ್‌ಸ್ಟೆಡಿಯಾಯಿತು, ಆಮೇಲೆ ರೆಗೆ ಆಯಿತು. ಆದರೆ ಅಷ್ಟರಲ್ಲಿ ಅದು ಸಮುದ್ರ ದಾಟಿಯಾಗಿತ್ತು. 1948ರಿಂದ ಇಂಗ್ಲೆಂಡಿಗೆ ವಲಸೆ ಬಂದ ಜಮೈಕಾದವರು ತಮ್ಮ ಸಂಗೀತವನ್ನೂ ತಂದರು. 1964ರಲ್ಲಿ ಮಿಲ್ಲಿ ಸ್ಮಾಲ್ ಎಂಬ ಹುಡುಗಿ ಹಾಡಿದ ‘ಮೈ ಬಾಯ್ ಲಾಲಿಪಾಪ್’ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಏರಿತು. ಬಿಳಿಯ ಕಾರ್ಮಿಕರ ಮಕ್ಕಳೂ ಕುಣಿಯಲು ಬಂದರು. ಇಲ್ಲಿಂದ ಎಡಮಗ್ಗುಲ ಮನೆಯವರ ಸರದಿ.

ಅವರ ದೇವರು ಸ್ಪೆಷಲ್ಸ್, ಕಾವೆಂಟ್ರಿಯವರೇ. 1979ರಲ್ಲಿ ಆ ಊರಿನ ಜೆರ‍್ರಿ ಡ್ಯಾಮರ್ಸ್ ಎಂಬ ತರುಣ ‘ಟೂ ಟೋನ್’ ಎಂಬ ಧ್ವನಿಮುದ್ರಣ ಸಂಸ್ಥೆಯನ್ನು ಹೂಡಿದ. ಕರಿದು ಬಿಳಿದು ಚೌಕುಳಿಯ ಗುರುತು. ಕರಿಯರೂ ಬಿಳಿಯರೂ ಕೂಡಿದ ಮೇಳಗಳು. ಜಮೈಕಾದ ಹಳೆಯ ಲಯಕ್ಕೆ ಅಂದಿನ ಇಂಗ್ಲಿಷ್ ಹುಡುಗರ ಸಿಟ್ಟನ್ನು ಬೆರೆಸಿದರು. ಸ್ಪೆಷಲ್ಸ್ ಮೇಳದ ಮೊದಲ ಹಾಡು ‘ಗ್ಯಾಂಗ್‌ಸ್ಟರ್ಸ್’ ಪ್ರಿನ್ಸ್ ಬಸ್ಟರನ ‘ಅಲ್ ಕಪೋನ್’ ಹಾಡಿನ ಮೇಲೆ ಕಟ್ಟಿದ್ದು. ಲಂಡನ್ನಿನ ಮ್ಯಾಡ್‌ನೆಸ್ ಮೇಳವಂತೂ ತನ್ನ ಹೆಸರನ್ನೇ ಬಸ್ಟರನ ಹಾಡೊಂದರಿಂದ ಪಡೆಯಿತು. 1979ರ ನವೆಂಬರ್ 8ರ ಸಂಜೆ ಬಿ.ಬಿ.ಸಿ. ದೂರದರ್ಶನದ ಹಾಡಿನ ಕಾರ್ಯಕ್ರಮದಲ್ಲಿ ಸ್ಪೆಷಲ್ಸ್, ಮ್ಯಾಡ್‌ನೆಸ್, ಸೆಲೆಕ್ಟರ್ ಈ ಮೂರೂ ಮೇಳಗಳು ಒಟ್ಟಿಗೆ ಕಾಣಿಸಿಕೊಂಡವು. ಎಡಮಗ್ಗುಲ ಮನೆಯವರು ಆಗ ಶಾಲೆಯ ಹುಡುಗ. ಮರುದಿನ ಅಪ್ಪನ ಹಳೆಯ ಕಪ್ಪು ಕೋಟನ್ನು ತೊಟ್ಟು ಶಾಲೆಗೆ ಹೋಗಿ ಉಪಾಧ್ಯಾಯರಿಂದ ಬೈಸಿಕೊಂಡರಂತೆ.

ಯಾವ ತಟ್ಟೆ ಶ್ರೇಷ್ಠ ಎಂಬ ವಾದ ಇಲ್ಲಿ ಬಿಸಿಯೇರುತ್ತದೆ. 1979ರಲ್ಲಿ ಎಲ್ವಿಸ್ ಕಾಸ್ಟೆಲೊ ಅವರ ಮೇಲ್ವಿಚಾರಣೆಯಲ್ಲಿ ಮುದ್ರಿತವಾದ ಸ್ಪೆಷಲ್ಸ್ ಮೇಳದ ಮೊದಲ ಆಲ್ಬಮ್ ಕೆಲವರಿಗೆ ವೇದ. ಎಡಮನೆಯವರ ಮತ ಬೇರೆ: ಸ್ಟುಡಿಯೋದಲ್ಲಿ ಹಿಡಿದದ್ದು ಪಂಜರದ ಹಕ್ಕಿ, 1980ರ ಆರಂಭದಲ್ಲಿ ಬಂದ, ಲಂಡನ್ನಿನಲ್ಲಿಯೂ ಕಾವೆಂಟ್ರಿಯಲ್ಲಿಯೂ ನಡೆದ ಕಛೇರಿಗಳಲ್ಲಿಯೇ ಮುದ್ರಿಸಿದ ಚಿಕ್ಕ ತಟ್ಟೆಯನ್ನು ಕೇಳಬೇಕು. ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ್ದೂ ಅದೇ. ಎರಡನ್ನೂ ಕೇಳಿದ ಮೇಲೆ ನನ್ನ ಮತ ಅವರ ಕಡೆಗೆ. ಜನರ ಕೂಗು ಹಾಡಿನ ಹೊರಗಿನ ಗಲಾಟೆಯಲ್ಲ; ಅದೂ ಒಂದು ವಾದ್ಯವೇ. ಅಜ್ಜಿಗೆ ಆಲ್ಬಮ್ ಎಂಬ ಮಾತೇ ಹಿಡಿಸದು. ಅವರ ಕಾಲದಲ್ಲಿ ಒಂದು ರಾತ್ರಿಗೆ ಒಂದು ಹಾಡು ಗೆಲ್ಲುತ್ತಿತ್ತು. ಅವನ್ನೆಲ್ಲ ಒಟ್ಟಿಗೆ ಕಟ್ಟಿ ಮಾರಿದ್ದು ಆಮೇಲಿನ ವ್ಯಾಪಾರ.

ಇನ್ನು ಕಛೇರಿಗಳ ಮಾತು. ಇಲ್ಲಿ ರಸಿಕತೆಯ ವಿಷಯದಲ್ಲಿ ಒಂದು ಕಹಿಯಾದ ಪ್ರಶ್ನೆ ಏಳುತ್ತದೆ. ಬೋಳುತಲೆಯ ಸ್ಕಿನ್‌ಹೆಡ್ ಹುಡುಗರಿಗೆ 1960ರ ದಶಕದಿಂದಲೂ ಜಮೈಕಾದ ಸಂಗೀತವೆಂದರೆ ಪ್ರಾಣ. 1979ರ ವೇಳೆಗೆ ಅವರಲ್ಲಿ ಕೆಲವರು ಕರಿಯರನ್ನೂ ನಮ್ಮವರನ್ನೂ ದೇಶದಿಂದ ಓಡಿಸಬೇಕೆನ್ನುವ ನ್ಯಾಷನಲ್ ಫ್ರಂಟ್ ಪಕ್ಷದ ಬಾಲಂಗೋಚಿಗಳಾಗಿದ್ದರು. ಅವರೂ ಕಛೇರಿಗೆ ಬಂದರು. ಅದೇ ಲಯಕ್ಕೆ ಕುಣಿದು, ನಡುನಡುವೆ ನಾಜಿಗಳಂತೆ ಕೈಯೆತ್ತಿದರು. ವೇದಿಕೆಯ ಮೇಲಿನ ಲಿನ್‌ವಾಲ್ ಗೋಲ್ಡಿಂಗ್, ನೆವಿಲ್ ಸ್ಟೇಪಲ್ ಜಮೈಕಾದಲ್ಲಿ ಹುಟ್ಟಿದವರು. ಹಾಡು ಅವರದು, ಕೂಗು ಅವರ ವಿರುದ್ಧ. ಹಾಡನ್ನು ಪ್ರೀತಿಸಿ ಹಾಡುವವನನ್ನು ದ್ವೇಷಿಸುವವನನ್ನು ಏನೆಂದು ಕರೆಯೋಣ? ನಮ್ಮ ಅಲಂಕಾರಶಾಸ್ತ್ರ ಸಹೃದಯ ಎಂಬ ಮಾತನ್ನು ಎಷ್ಟು ಎಚ್ಚರಿಕೆಯಿಂದ ಆರಿಸಿಕೊಂಡಿದೆ ಎಂದು ನನಗೆ ಹೊಳೆದದ್ದು ಈ ವರದಿಗಳನ್ನು ಓದಿದಾಗ. ಕಿವಿ ಚುರುಕಾಗಿದ್ದರೆ ಸಾಲದು ಎಂದು ಹಿಂದಿನವರಿಗೆ ಗೊತ್ತಿತ್ತು.

ಮೇಳದವರು ಸುಮ್ಮನಿರಲಿಲ್ಲ. ಹೊಡೆದಾಟವಾದರೆ ಹಾಡು ನಿಲ್ಲಿಸುತ್ತಿದ್ದರು. 1980ರಲ್ಲಿ ಕೇಂಬ್ರಿಜಿನ ಕಛೇರಿಯೊಂದರಲ್ಲಿ ಜಗಳ ಬಿಡಿಸಲು ಹೋದ ತಮ್ಮನ್ನೇ ಪೊಲೀಸರು ಹಿಡಿದರೆಂದು ಡ್ಯಾಮರ್ಸ್ ಮತ್ತು ಗಾಯಕ ಟೆರಿ ಹಾಲ್ ಹೇಳಿದರೂ ಕೇಳದೆ ನ್ಯಾಯಾಲಯ ಅವರಿಗೆ ದಂಡ ವಿಧಿಸಿತು. 1981ರ ಏಪ್ರಿಲಿನಲ್ಲಿ ಕಾವೆಂಟ್ರಿಯ ಪೇಟೆಯ ನಡುವೆ, ಹಗಲಿನಲ್ಲಿ, ಪಂಜಾಬಿ ಮನೆತನದ ಒಬ್ಬ ವಿದ್ಯಾರ್ಥಿಯನ್ನು ಇರಿದು ಕೊಂದರು. ಜೂನಿನಲ್ಲಿ ಸ್ಪೆಷಲ್ಸ್ ಊರಿನ ಬಟ್ಸ್ ಕ್ರೀಡಾಂಗಣದಲ್ಲಿ ವರ್ಣದ್ವೇಷವನ್ನು ವಿರೋಧಿಸಿ ಕಛೇರಿ ನಡೆಸಿದರು. ಎಡಮನೆಯವರು ಅದಕ್ಕೆ ಹೋಗಿದ್ದರು. ನೀವು ಕೇಳಿದ ಅತ್ಯುತ್ತಮ ಕಛೇರಿ ಯಾವುದು ಎಂದು ಶಿಷ್ಯ ಕೇಳಿದಾಗ ಅವರು ಹೇಳಿದ್ದು ಇದನ್ನೇ. ನುಡಿಸಿದ್ದು ಅಷ್ಟೇನೂ ಚೆನ್ನಾಗಿರಲಿಲ್ಲವಂತೆ. ಬೆದರಿಕೆಗೆ ಅಂಜಿ ಬಹಳ ಜನ ಮನೆಯಲ್ಲಿಯೇ ಉಳಿದಿದ್ದರಂತೆ. “ಆ ಹೊತ್ತು ಅಲ್ಲಿ ನಿಂತವರು ಯಾರು ಎಂಬುದು ನನಗೆ ಮುಖ್ಯ” ಎಂದರಂತೆ. ಮುಂದಿನ ತಿಂಗಳೇ ಅದೇ ಮೇಳದ ‘ಘೋಸ್ಟ್ ಟೌನ್’, ಕೆಲಸ ಕಳೆದುಕೊಂಡ ಊರಿನ ಹಾಡು, ಇಂಗ್ಲೆಂಡಿನ ಹಲವು ನಗರಗಳಲ್ಲಿ ಗಲಭೆ ನಡೆಯುತ್ತಿರುವಾಗ ಪಟ್ಟಿಯಲ್ಲಿ ಮೊದಲನೆಯದಾಯಿತು. ಅದೇ ವರ್ಷ ಹಾಲ್, ಸ್ಟೇಪಲ್, ಗೋಲ್ಡಿಂಗ್ ಮೇಳವನ್ನು ಬಿಟ್ಟರು.

ಮುಂದಿನ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಮೆರಿಕದ ಹುಡುಗರು ಸ್ಕಾವನ್ನು ಹಿಡಿದು ವೇಗವನ್ನೂ ಗದ್ದಲವನ್ನೂ ಹೆಚ್ಚಿಸಿದರು. 1997ರ ಸುಮಾರಿನಲ್ಲಿ ಬಾಸ್ಟನ್ನಿನ ಮೈಟಿ ಮೈಟಿ ಬಾಸ್‌ಟೋನ್ಸ್ ಮುಂತಾದವರಿಗೆ ಒಳ್ಳೆಯ ಹೆಸರು ಬಂತು. ಅದು ಸ್ಕಾ ಹೌದೋ ಅಲ್ಲವೋ ಎಂಬ ವಿಷಯದಲ್ಲಿ ಬಲಮನೆಗೂ ಎಡಮನೆಗೂ ಅಪೂರ್ವವಾದ ಒಮ್ಮತ: ಅಲ್ಲ. ಜಪಾನಿನ ಟೋಕಿಯೊ ಸ್ಕಾ ಪ್ಯಾರಡೈಸ್ ಆರ್ಕೆಸ್ಟ್ರಾ ಮಾತ್ರ ಅಜ್ಜಿಗೂ ಮೆಚ್ಚುಗೆ, ಕಹಳೆಗಳು ಶುದ್ಧವಾಗಿವೆ ಎಂದು. ಮ್ಯಾಡ್‌ನೆಸ್ ಮೇಳ 1992ರಲ್ಲಿ ಲಂಡನ್ನಿನ ಫಿನ್ಸ್‌ಬರಿ ಪಾರ್ಕಿನಲ್ಲಿ ಮರಳಿ ಕೂಡಿ ನುಡಿಸಿದಾಗ ಜನ ಒಂದೇ ಸಮನೆ ಕುಣಿದು ಹತ್ತಿರದ ಬಹುಮಹಡಿ ಮನೆಗಳು ಅಲುಗಾಡಿದವು. ಭೂಕಂಪವೆಂದು ನಿವಾಸಿಗಳು ಗಾಬರಿಯಾದರು. ಸ್ಕಾಟಲೈಟ್ಸ್ 1983ರಲ್ಲಿ ಮತ್ತೆ ಕೂಡಿ, ಮುದಿತನದಲ್ಲಿ ದೇಶ ದೇಶ ಸುತ್ತಿದರು. ರೋಲಂಡ್ ಅಲ್ಫಾನ್ಸೊ 1998ರ ನವೆಂಬರಿನಲ್ಲಿ ಹಾಲಿವುಡ್ಡಿನ ವೇದಿಕೆಯ ಮೇಲೆ ನುಡಿಸುತ್ತಿದ್ದಂತೆಯೇ ಕುಸಿದು, ಕೆಲವು ದಿನಗಳಲ್ಲಿ ತೀರಿಕೊಂಡರು. ಮೂಲ ವಾದಕರಲ್ಲಿ ಉಳಿದಿದ್ದ ಲೆಸ್ಟರ್ ಸ್ಟರ್ಲಿಂಗ್ 2023ರಲ್ಲಿ ಹೋದರು. ಟೆರಿ ಹಾಲ್ 2022ರ ಡಿಸೆಂಬರಿನಲ್ಲಿಯೇ ಹೋಗಿದ್ದರು. ಆ ವಾರ ಎಡಮನೆಯಲ್ಲಿ ಹಾಡು ಕೇಳಿಸಲಿಲ್ಲವಂತೆ, ಅಜ್ಜಿ ಬೇಲಿಯ ಬಳಿಗೆ ಹೋಗಿ ಒಂದು ತಟ್ಟೆ ಕೇಕು ಕೊಟ್ಟು ಬಂದರಂತೆ.

ವಾದ ಮಾತ್ರ ನಿಂತಿಲ್ಲ. ಸ್ಪೆಷಲ್ಸ್ 1979ರಲ್ಲಿ ಹಾಡಿದ ‘ಎ ಮೆಸೇಜ್ ಟು ಯೂ, ರೂಡಿ’ ಮೂಲದಲ್ಲಿ ಜಮೈಕಾದ ಡ್ಯಾಂಡಿ ಲಿವಿಂಗ್‌ಸ್ಟನ್ 1967ರಲ್ಲಿ ಹಾಡಿದ್ದು. ಯಾವುದು ಮೇಲು? ಎರಡರಲ್ಲಿಯೂ ಟ್ರಾಂಬೋನ್ ನುಡಿಸಿದವರು ಒಬ್ಬರೇ, ರೀಕೊ ರೊಡ್ರಿಗಸ್. ಆಲ್ಫಾ ಶಾಲೆಯ ಹುಡುಗ. ಅಲ್ಲಿ ತನಗಿಂತ ಹಿರಿಯನಾಗಿದ್ದ ಡಾನ್ ಡ್ರಮಂಡನಿಂದಲೇ ಕಲಿತವರು. 1961ರಲ್ಲಿ ಇಂಗ್ಲೆಂಡಿಗೆ ಬಂದು, ಹೊಟ್ಟೆಪಾಡಿಗೆ ಕಾರ್ಖಾನೆಗಳಲ್ಲಿ ದುಡಿಯುತ್ತ ನುಡಿಸಿ, 2015ರಲ್ಲಿ ತೀರಿಕೊಂಡರು. ಕಳೆದ ಬೇಸಗೆಯಲ್ಲಿ ಶಿಷ್ಯ ತನ್ನ ಹಿತ್ತಲಿನಲ್ಲಿ ಎರಡು ತಟ್ಟೆಗಳನ್ನೂ ಒಂದರ ಹಿಂದೆ ಒಂದು ಹಾಕಿ, ತೀರ್ಪು ಹೇಳಿರೆಂದು ಇಬ್ಬರನ್ನೂ ಕೂರಿಸಿದ. ಟ್ರಾಂಬೋನ್ ಎದ್ದಾಗ ಇಬ್ಬರೂ ಮಾತಿಲ್ಲದೆ ಕೇಳಿದರು. ಮುಗಿದ ಮೇಲೆ ಅಜ್ಜಿ, “1967ರದೇ” ಎಂದರು. ಎಡಮನೆಯವರು ತಲೆಯಾಡಿಸಿ, “ಇನ್ನೊಮ್ಮೆ ಹಾಕು” ಎಂದರು.